ಬೆನ್ನ ಹಿಂದಿನ ಗಂಟು

ಹಲ್ಲು ಹಾಕಿ ಎಳೆದರೂ ಗಂಟು ಬಿಚ್ಚಲಿಲ್ಲ. ಕ್ಯಾರೊಲ್ ಹಗ್ಗದ ತುಂಡನ್ನು ಬಾಯಿಂದ ತೆಗೆದಳು, ನಾಲಿಗೆಗೆ ಹತ್ತಿದ ಉಪ್ಪನ್ನು ನುಂಗಿದಳು, ಮತ್ತೆ ಉಗುರು ಹಾಕಿದಳು. ಕಾರಿನೊಳಗೆ ಎ.ಸಿ. ಗುಯ್ಯೆನ್ನುತ್ತಿತ್ತು. ಹೊರಗೆ ಶವಾಗಾರದ ಅಂಗಳದಲ್ಲಿ ಬೆಳಗಿನ ಹತ್ತಕ್ಕೇ ಅರಬ್ಬಿ ನಾಡಿನ ಬಿಸಿಲಿಗೆ ಡಾಂಬರು ಮೆತ್ತಗಾಗತೊಡಗಿತ್ತು.

“ಮಮ್ಮಿ, ಸಾಕು. ಜನ ನೋಡ್ತಾ ಇದ್ದಾರೆ,” ಎಂದಳು ಮೈರಾ.

“ನೋಡ್ಲಿ. ನಾನೂ ಅವರನ್ನೇ ನೋಡುದು.”

ಅವಳ ಗಂಡ ಯೂಸ್ಟೇಸ್ ಮಥಾಯಸ್ ಸತ್ತು ಒಂಬತ್ತು ದಿನವಾಗಿತ್ತು. ಇವತ್ತು ಪೆಟ್ಟಿಗೆ ತೆರೆದು ಹತ್ತು ನಿಮಿಷ ಪ್ರಾರ್ಥನೆ, ಆಮೇಲೆ ವಿಮಾನ ನಿಲ್ದಾಣದ ಕಾರ್ಗೋ, ನಾಳೆ ಊರಿನಲ್ಲಿ, ಕಲ್ಯಾಣಪುರದ ಮಣ್ಣು. ಪೊಲೀಸರು ನಿನ್ನೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಿದ್ದರು. ಅದರಲ್ಲಿ ಅವನ ಟೋಪಿ, ನಿಂತುಹೋದ ಫೋನು, ಒಂದು ಜೊತೆ ಕಪ್ಪು ಗಂಬೂಟು ಮತ್ತು ಕಿತ್ತಳೆ ಬಣ್ಣದ ನೈಲಾನ್ ಹಗ್ಗವಿತ್ತು. ಹಗ್ಗವನ್ನು ಯಾರೋ ಚಾಕುವಿನಿಂದ ಕೊಯ್ದಿದ್ದರು. ಗಂಟು ಮಾತ್ರ ಹಾಗೇ ಉಳಿದಿತ್ತು. ಮೂರು ಸುತ್ತು ಸುತ್ತಿ, ತುದಿಗಳನ್ನು ಹಿಂದಕ್ಕೆ ತಿರುಗಿಸಿ ಒಳಗೆ ತೂರಿಸಿ, ಮೇಲೊಂದು ಗಂಟು.

“ಈ ಗಂಟು ನಿನ್ನ ಡ್ಯಾಡಿದಲ್ಲ. ಈ ಬೂಟೂ ಅಲ್ಲ. ನೋಡು, ಹತ್ತು ನಂಬರು. ಅವರದ್ದು ಎಂಟು.”

ಮೈರಾ ಕಿಟಕಿಯ ಕಡೆ ತಿರುಗಿದಳು. ಒಂಬತ್ತು ದಿನದಿಂದ ಅಮ್ಮ ಹೀಗೇ. ಫ್ರೀಜರ್ ತೆರೆದು ಗಾಳಕ್ಕೆ ಹಾಕುವ ಸಿಗಡಿಯ ಪೊಟ್ಟಣ ತೋರಿಸುತ್ತಾಳೆ. ಬಾಗಿಲ ಹಿಂದಿನ ಗಾಳದ ಕೋಲು ತೋರಿಸುತ್ತಾಳೆ. ಮದೀನತ್ ಖಲೀಫಾದ ಅವರ ವಿಲ್ಲಾದ ಮುಂದೆ ನಿಂತೇ ಇರುವ ಕಾರು ತೋರಿಸುತ್ತಾಳೆ. ಕಂಪನಿ ಹೇಳುವುದು ಒಂದೇ ಮಾತು: ಶುಕ್ರವಾರ ರಜೆ, ಮನುಷ್ಯ ತನ್ನ ಪಾಡಿಗೆ ಥಖೀರಾ ಕಡಲತೀರದ ಕಾಂಡ್ಲಾ ಮರಗಳ ತೋಪಿಗೆ ಮೀನು ಹಿಡಿಯಲು ಹೋದ, ಮುಳುಗಿದ. ಕೋಲು ಇಲ್ಲದೆ, ಸಿಗಡಿ ಇಲ್ಲದೆ, ಕಾರು ಇಲ್ಲದೆ, ಅರುವತ್ತು ಕಿಲೋಮೀಟರು.

ಕರೆದುಕೊಂಡು ಹೋದವರು ಯಾರು? ಇವತ್ತು ತನ್ನ ಕೈ ಹಿಡಿದವರ ಮುಖವನ್ನೆಲ್ಲ ಕ್ಯಾರೊಲ್ ಇದೊಂದೇ ಪ್ರಶ್ನೆಯಿಂದ ನೋಡುತ್ತಿದ್ದಳು.

ಕಾರಿನ ಗಾಜು ಬಡಿದವನು ಜೇಕಬ್. ಅದೇ ವಿಲ್ಲಾದ ಮೇಲಿನ ಪಾಲಿನಲ್ಲಿ ಇರುವವನು. ಊರವರ ಸಾವು ನೋವಿಗೆಲ್ಲ ಮೊದಲು ಬರುವವನು, ಜಪಮಾಲೆ ಹೇಳಿಸುವವನು, ಅವಳನ್ನು ಕೊಂಕಣಿಯಲ್ಲಿ ‘ಬಾಯಿ’, ಅಕ್ಕ, ಎಂದು ಕರೆಯುವವನು. ಅವಳು ಇಳಿದಳು.

“ಬಾಯಿ, ಎಲ್ಲ ರೆಡಿ ಉಂಟು. ಕಂಪನಿಯವರು ಬಂದ್ರೆ ಆಯ್ತು.”

“ಜೇಕಬ್, ಆ ಶುಕ್ರವಾರ ನಿಮ್ಮ ಪಿಕಪ್ ಎಲ್ಲಿತ್ತು?”

ಜೇಕಬ್‌ನ ಕೈಯಲ್ಲಿದ್ದ ಜಪಮಾಲೆ ನಿಂತಿತು. “ದೇವರೇ! ನನ್ನನ್ನಾ ಕೇಳುದು?”

“ಎಲ್ಲರನ್ನೂ ಕೇಳ್ತೇನೆ.”

“ಗ್ಯಾರೇಜಿನಲ್ಲಿತ್ತು. ಕ್ಲಚ್ ಹೋಗಿ ಹದಿನೈದು ದಿನ ಆಯ್ತು. ಬಿಲ್ಲು ತೋರಿಸ್ಲಾ?” ಅವನ ಕಣ್ಣು ತುಂಬಿತು. “ಪ್ರತಿ ಶುಕ್ರವಾರ ಮಧ್ಯಾಹ್ನ ನನ್ನ ಬಾಗಿಲಿಗೆ ಮೀನಿನ ಚೀಲ ನೇತಾಡ್ತಿತ್ತು ಬಾಯಿ. ಹುರುಪೆ ತೆಗ್ದು, ತೊಳ್ದು, ಉಪ್ಪು ಹಚ್ಚಿ. ಒಂದು ದಿನ ಸಹ ಬೆಲ್ಲು ಒತ್ಲಿಲ್ಲ ಆ ಮನುಷ್ಯ, ನಾವು ಮಲಗಿದ್ದೇವೆ ಅಂತ. ಅಂಥವನಿಗೆ ನಾನು…”

“ಆಯ್ತು. ನೀವಲ್ಲ.” ಅವಳು ಮನಸ್ಸಿನಲ್ಲೇ ಒಂದು ಹೆಸರು ಹೊಡೆದುಹಾಕಿದಳು. ಕ್ಷಮಿಸಿ ಅನ್ನಲಿಲ್ಲ.

ಬಿಳಿ ಲ್ಯಾಂಡ್ ಕ್ರೂಸರ್ ಬಂದು ನಿಂತಿತು. ಇಳಿದವನು ಗಿರಿಧರ್, ಯೂಸ್ಟೇಸ್‌ನ ಪ್ರಾಜೆಕ್ಟ್ ಮ್ಯಾನೇಜರು, ಬೆಂಗಳೂರಿನವನು. ಹಿಂದೆಯೇ ಚನ್ನಕೇಶವ ಇಳಿದ. ಕಂಪನಿಯ ಉಗ್ರಾಣ ನೋಡುವವನು, ಮೈಸೂರಿನವನು, ಎರಡು ವರ್ಷದಿಂದ ವಾರಕ್ಕೊಮ್ಮೆ ಕ್ಯಾರೊಲ್‌ಳ ಅಡುಗೆಮನೆಯಲ್ಲಿ ಬರೀ ಅನ್ನ ಸಾರು ಉಂಡು, ಮೀನಿನ ವಾಸನೆಗೆ ಮೂಗು ಮುಚ್ಚಿ ಎಲ್ಲರನ್ನೂ ನಗಿಸಿದವನು. ಈಗ ಅವನ ಮುಖ ಊದಿತ್ತು. ಒಂಬತ್ತು ದಿನದಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವನು ಅವನೇ.

ಗಿರಿಧರ್ ಕೈ ಮುಗಿದ. ಫೈಲು ತೆರೆದ. “ಮೇಡಂ, ಇಂಥ ಟೈಮಲ್ಲಿ ಇದನ್ನ ಕೇಳೋಕೆ ನನಗೂ ಇಷ್ಟ ಇಲ್ಲ. ಒಂದೇ ಒಂದು ಸಹಿ. ಮಾಡಿದ ತಕ್ಷಣ ಬಾಡಿ ಊರಿಗೆ ಕಳಿಸೋ ಎನ್ಒಸಿ ನಿಮ್ಮ ಕೈಲಿರುತ್ತೆ. ಒಂದು ಗಂಟೆಗೆ ಕಾರ್ಗೋ ಕ್ಲೋಸು.”

ಕಾಗದದ ಎಡಕ್ಕೆ ಇಂಗ್ಲಿಷು, ಬಲಕ್ಕೆ ಅರಬ್ಬಿ. ಮೃತನು ರಜಾದಿನದಂದು ಸ್ವಂತ ಇಚ್ಛೆಯಿಂದ, ಸ್ವಂತ ಮನರಂಜನೆಗಾಗಿ, ಸ್ವಂತ ಸಲಕರಣೆಗಳೊಂದಿಗೆ ನೀರಿಗಿಳಿದಿದ್ದಾನೆ ಎಂಬುದು ಕುಟುಂಬಕ್ಕೆ ತಿಳಿದಿದೆ. ಸ್ವಂತ, ಸ್ವಂತ, ಸ್ವಂತ. ಇಪ್ಪತ್ತಮೂರು ವರ್ಷ ಕಂಪನಿಯ ನಕ್ಷೆಗಳಿಗೆ ನಂಬರು ಹಾಕಿದವನಿಗೆ ಕೊನೆಗೆ ಕಂಪನಿಯವರು ಸ್ವಂತದ್ದು ಅಂತ ಕೊಟ್ಟಿದ್ದು ಒಂದು ಸಾವು.

“ಪ್ರಾರ್ಥನೆ ಆಗ್ಲಿ,” ಎಂದಳು ಕ್ಯಾರೊಲ್.

“ಶ್ಯೂರ್ ಮೇಡಂ. ಆದ್ರೆ ಟೈಮು…”

“ಅವರು ನಿಮ್ಮ ಟೈಮಿಗೆ ಸರಿಯಾಗೇ ಬದುಕಿದ್ದು. ಹತ್ತು ನಿಮಿಷ ನಿಲ್ಲಿ.”

*

ಎರಡು ವರ್ಷದ ಹಿಂದೆ, ಒಂದು ಜನವರಿಯ ಶುಕ್ರವಾರ, ಯೂಸ್ಟೇಸ್ ಚನ್ನಕೇಶವನನ್ನು ಮೊದಲ ಸಲ ಥಖೀರಾಕ್ಕೆ ಕರೆದುಕೊಂಡು ಬಂದಿದ್ದ. ಇಳಿತದ ಹೊತ್ತು. ನೀರು ಮೊಣಕಾಲಿಗೂ ಇಲ್ಲ, ಅರ್ಧ ಮೈಲಿ ದೂರದವರೆಗೂ ಹಾಗೇ ತಟ್ಟೆಯಂತೆ ಹರಡಿತ್ತು. ಕ್ಯಾರೊಲ್ ಚಾಪೆ ಹಾಸಿ ಕೂತಿದ್ದಳು. ಮೈರಾ ಫೋನು ಹಿಡಿದು ಕೊಕ್ಕರೆಗಳ ಹಿಂದೆ ಬಿದ್ದಿದ್ದಳು.

“ಮೀನು ಹಿಡಿಯುದು ಆಮೇಲೆ ಮಾರಾಯ್ರೆ. ಮೊದ್ಲು ಹೊರುದು ಕಲೀರಿ,” ಎಂದ ಯೂಸ್ಟೇಸ್.

“ಹೊರೋದ್ರಲ್ಲಿ ಕಲಿಯೋದೇನ್ ಸಾರ್? ಸ್ಕೂಲ್ ಬ್ಯಾಗ್ ಹೊತ್ತಿಲ್ವಾ?”

“ಅದೇ ತಪ್ಪು. ನೀರಿನಲ್ಲಿ ಬೆನ್ನಿಗೆ ಎಂತ ಸಹ ಹಾಕ್ಬಾರ್ದು. ಬಿದ್ರೆ ಆಮೆ ಮಗುಚಿದ ಹಾಗೆ, ಕಾಲು ಮೇಲೆ, ಮುಖ ನೀರಿನ ಒಳಗೆ.” ಅವನು ತನ್ನ ಸಣ್ಣ ಚೀಲವನ್ನು ಎದೆಯ ಮೇಲೆ, ಹೊಕ್ಕುಳಿಂದ ಒಂದು ಗೇಣು ಮೇಲಕ್ಕೆ ಏರಿಸಿ ಕಟ್ಟಿಕೊಂಡ. ಗಾಳ, ಕತ್ತರಿ, ನೀರಿನ ಬಾಟ್ಲಿ, ಅಷ್ಟೇ. “ಬೇಕಾದ್ದು ಕಣ್ಣೆದುರು ಇರ್ಬೇಕು. ಬೇಡದ್ದು ಮನೆಯಲ್ಲಿರ್ಬೇಕು. ಎರಡೂ ಹೆಗಲಿಗೆ ಪಟ್ಟಿ ಹಾಕುದು ಬೇಡ, ಒಂದೇ ಹೆಗಲು. ಮೀನಿನ ಬುಟ್ಟಿ ಸೊಂಟಕ್ಕೆ, ಅದೂ ಜಾರುಗಂಟು. ನೋಡಿ, ಹಗ್ಗದ ಬಾಲ ಬಲಗೈಗೆ ಸಿಗುವ ಹಾಗೆ ಬಿಡ್ಬೇಕು. ಹೀಗೆ ಎಳೆದ್ರೆ…”

ಎಳೆದ. ಬುಟ್ಟಿ ಕಳಚಿ ನೀರಿನಲ್ಲಿ ತೇಲಿತು.

“ಅಯ್ಯೋ, ಬುಟ್ಟಿ ಹೋಯ್ತಲ್ಲ ಸಾರ್!”

“ಹೋಗ್ಲಿ! ಬುಟ್ಟಿ ಹೋಗ್ಬೇಕು, ನಾನು ಉಳೀಬೇಕು. ಅದಕ್ಕೇ ಆ ಗಂಟು.” ಅವನ ಅಮ್ಮ ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುವಾಗ ಹೀಗೇ ಕಟ್ಟುತ್ತಿದ್ದರಂತೆ. ಆರು ಮಕ್ಕಳಿಗೂ ನಡೆಯುವುದಕ್ಕಿಂತ ಮೊದಲೇ ಈ ಗಂಟು ಕಲಿಸಿದ್ದರಂತೆ. “ಬೂಟು ಬೇಡ. ನೀರು ತುಂಬಿದ್ರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಹಳೇ ಕ್ಯಾನ್ವಾಸು ಶೂ ಸಾಕು. ಕಾಲು ಎತ್ತಿ ಇಡುದೂ ಬೇಡ, ಉಜ್ಜಿಕೊಂಡು ಹೋಗಿ. ಕೆಳಗೆ ತೊರಕೆ ಮೀನು ಮಲಗಿರ್ತದೆ, ಮೆಟ್ಟಿದ್ರೆ ಬಾಲದಲ್ಲಿ ಹೊಡೀತದೆ. ಉಜ್ಜಿದ್ರೆ ಪಾಪ, ತಾನೇ ಎದ್ದು ಹೋಗ್ತದೆ.”

“ಇಷ್ಟೆಲ್ಲ ಕಾನೂನಾ ಸಾರ್, ಎರಡು ಮೀನಿಗೆ?”

“ಕಾನೂನಲ್ಲ ಮಾರಾಯ್ರೆ. ಮರ್ಯಾದೆ.”

ಚನ್ನಕೇಶವ ಹತ್ತು ಹೆಜ್ಜೆ ಹೋಗಿ, ಕಾಲಡಿಯ ಮರಳು ಅಲುಗಿದ್ದಕ್ಕೆ ಕೂಗಿಕೊಂಡು ದಡಕ್ಕೆ ಓಡಿಬಂದ. ಮತ್ತೆಂದೂ ನೀರಿಗಿಳಿಯಲಿಲ್ಲ. ಅವನಿಗೆ ಈಜು ಬರುತ್ತಿರಲಿಲ್ಲ. ಆ ಇಡೀ ವಾರ ಆಫೀಸಿನಲ್ಲಿ ಎಲ್ಲರಿಗೂ ಆ ಕತೆ ಹೇಳಿ ನಗಿಸಿದ್ದು ಚನ್ನಕೇಶವನೇ. ಅದನ್ನು ಕೇಳಿ ನಕ್ಕವರಲ್ಲಿ ಗಿರಿಧರನೂ ಇದ್ದ. ಡಾಕ್ಯುಮೆಂಟ್ ಸೆಕ್ಷನ್ನಿನ ಮಥಾಯಸ್‌ಗೆ ಥಖೀರಾದ ನೀರು ಅಂಗೈ ಗೆರೆಯಂತೆ ಗೊತ್ತು ಎಂಬುದು ಅವನ ತಲೆಯಲ್ಲಿ ಉಳಿದದ್ದು ಹಾಗೆ.

*

ಪೆಟ್ಟಿಗೆ ತೆರೆದಾಗ ಕ್ಯಾರೊಲ್ ಗಂಡನ ಮುಖವನ್ನು ಸ್ವಲ್ಪವೇ ನೋಡಿದಳು. ಅವಳ ಕಣ್ಣು ಕೈಗಳ ಮೇಲಿತ್ತು. ಬಲಗೈಯ ಬೆರಳುಗಳು ಸರಿಯಾಗಿದ್ದವು. ಎಡಗೈಯ ಮೂರು ಉಗುರುಗಳು ಕಿತ್ತುಹೋಗಿದ್ದವು.

“ಜೇಕಬ್, ಇದು ನೋಡಿ.”

“ಬಾಯಿ, ಈಗ ಬೇಡ. ಪ್ರಾರ್ಥನೆ.”

“ನೋಡಿ. ಎಂತದ್ದನ್ನೋ ಬಿಚ್ಚಲಿಕ್ಕೆ ನೋಡಿದ್ದಾರೆ.”

ಜೇಕಬ್‌ನ ದನಿ ‘ನಮೋ ಮರಿಯೆ’ಯ ಮಧ್ಯದಲ್ಲಿ ಒಂದು ಸಲ ಮುಗ್ಗರಿಸಿ ಮುಂದೆ ಹೋಯಿತು. ಸುತ್ತ ಇಪ್ಪತ್ತು ಜನರಿದ್ದರು. ಆಫೀಸಿನವರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಗಿರಿಧರ್‌ನ ಕಣ್ಣು ತಮ್ಮ ಮೇಲೆ ಬಿದ್ದಾಗಲೆಲ್ಲ ಅವರು ಫೋನು ನೋಡುತ್ತಿದ್ದರು. ಇವರಲ್ಲಿ ಯಾರಿಗೋ ಗೊತ್ತುಂಟು ಎಂದುಕೊಂಡಳು ಕ್ಯಾರೊಲ್. ಗೊತ್ತಿದ್ದವನೂ ಎಲ್ಲರಂತೆ ಶಿಲುಬೆಯ ಗುರುತು ಹಾಕುತ್ತಿರಬಹುದು.

ಹತ್ತು ನಿಮಿಷ ಮುಗಿಯಿತು. ಮುಚ್ಚಳ ಬಿತ್ತು. ಹೊರಗಿನ ಪ್ಲೈವುಡ್ ಪೆಟ್ಟಿಗೆಗೆ ಮೊಳೆ ಹೊಡೆದರು. ಪೆಟ್ಟಿಗೆಯನ್ನು ಟ್ರಾಲಿಯ ಮೇಲಿಟ್ಟು ಅಂಗಳಕ್ಕೆ ತಳ್ಳಿಕೊಂಡು ಬಂದಾಗ ಕಾರ್ಗೋ ವ್ಯಾನಿನ ಡ್ರೈವರ್ ಫಾಯಿಝ್ ಹಿಂದಿನ ಬಾಗಿಲು ತೆರೆದು, ಎಂಜಿನ್ ಚಾಲೂ ಇಟ್ಟು ಕಾಯುತ್ತಿದ್ದ.

“ಪಾಸ್‌ಪೋರ್ಟು, ಡೆತ್ ಸರ್ಟಿಫಿಕೇಟು ಎಲ್ಲ ಪೆಟ್ಟಿಗೆ ಜೊತೆಗೇ ಇರ್ಬೇಕು,” ಎಂದ ಫಾಯಿಝ್, ಮಂಜೇಶ್ವರದ ಕನ್ನಡದಲ್ಲಿ. “ಕಟ್ಟಿ ಕೊಡಿ. ಅಲ್ಲಿ ಕಳೆದ್ರೆ ಮತ್ತೆ ಮಾಫಿ, ಎಂತ ಸಹ ಸಿಗುದಿಲ್ಲ.”

ಚನ್ನಕೇಶವ ಮುಂದೆ ಬಂದ. ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದ. ಜೇಬಿನಿಂದ ದಾರ ತೆಗೆದ. ಉಗ್ರಾಣದವನ ಜೇಬಿನಲ್ಲಿ ದಾರ ಯಾವತ್ತೂ ಇರುತ್ತದೆ. ಕವರನ್ನು ಪೆಟ್ಟಿಗೆಯ ಹಿಡಿಗೆ ಆನಿಸಿ ಸುತ್ತಿದ. ಒಂದು ಸುತ್ತು. ಎರಡು. ಮೂರು. ತುದಿಗಳನ್ನು ಹಿಂದಕ್ಕೆ ತಿರುಗಿಸಿ ಒಳಗೆ ತೂರಿಸಿದ. ಮೇಲೊಂದು ಗಂಟು ಹಾಕಿ ಹೆಬ್ಬೆರಳಿನಿಂದ ಒತ್ತಿದ. ಹದಿನಾರು ವರ್ಷ ನಕ್ಷೆಯ ಸುರುಳಿಗಳನ್ನು ಕಟ್ಟಿದ ಕೈಗೆ ಯೋಚನೆಯೇ ಬೇಕಿರಲಿಲ್ಲ.

ಕ್ಯಾರೊಲ್ ಪರ್ಸು ತೆರೆದು ಕಿತ್ತಳೆ ಹಗ್ಗದ ತುಂಡು ತೆಗೆದಳು. ಪೆಟ್ಟಿಗೆಯ ಮೇಲೆ, ಆ ಗಂಟಿನ ಪಕ್ಕದಲ್ಲಿ ಇಟ್ಟಳು.

ಚನ್ನಕೇಶವ ಎರಡೂ ಗಂಟುಗಳನ್ನು ನೋಡಿದ.

“ಕೇಶವ,” ಎಂದಳು ಅವಳು ಮೆಲ್ಲಗೆ. “ನನ್ನ ಮನೆಯ ಅನ್ನ ಉಂಡಿದ್ದೀರಿ. ಒಂದು ಮಾತು. ನೀವಾ?”

“ಅಕ್ಕಾ…”

“ನೀವಾ?”

“ಬಿದ್ದೋಗ್ಬಾರ್ದು ಅಂತ ಅಕ್ಕಾ.” ಅವನು ಕಿತ್ತಳೆ ಹಗ್ಗದ ತುಂಡನ್ನು ಮುಟ್ಟಿದ. “ಯಂತ್ರದ ಪೆಟ್ಟಿಗೆ ಬಿದ್ದೋಗ್ಬಾರ್ದು ಅಂತ ಕಟ್ಟಿದ್ದು.”

*

ಆ ಶುಕ್ರವಾರ ಬೆಳಿಗ್ಗೆ ಐದಕ್ಕೆ ಚನ್ನಕೇಶವ ಕಂಪನಿಯ ಗಾಡಿ ತಂದಿದ್ದ. ಮಲಗಿದ್ದ ಕ್ಯಾರೊಲ್, ಮೈರಾರನ್ನು ಎಬ್ಬಿಸದೆ ಯೂಸ್ಟೇಸ್ ಹೊರಟಿದ್ದ. ಥಖೀರಾದ ಕಾಲುವೆಯ ಆಳ ಅಳೆಯುವ ಕೆಲಸ ಎರಡು ವಾರ ತಡವಾಗಿತ್ತು. ದೋಣಿ ಹಮದ್ ಬಂದರಿನಲ್ಲಿ ಬೇರೆ ಕೆಲಸದಲ್ಲಿತ್ತು. ಅಳತೆಯ ಯಂತ್ರವನ್ನು ನೀರಿನಾಚೆಯ ದಿಬ್ಬದ ಮೇಲೆ ಇಟ್ಟು ಬರಬೇಕು, ಅಷ್ಟೇ. ಹಳದಿ ಪೆಟ್ಟಿಗೆ, ಬ್ಯಾಟರಿ ಸೇರಿ ಹದಿನಾಲ್ಕು ಕೆಜಿ.

“ನನ್ನ ಕೆಲಸ ನಂಬರು ಹಾಕುದು ಮಾರಾಯ್ರೆ,” ಎಂದ ಯೂಸ್ಟೇಸ್ ದಾರಿಯಲ್ಲಿ. “ಆದ್ರೂ ಆ ಗಿರಿಧರ್ ರಾತ್ರಿ ಮೂರು ಸಲ ಫೋನು ಮಾಡಿದ. ಅರ್ಧ ಗಂಟೆ ಅಂತೆ. ಚರ್ಚಿಗೆ, ಹನ್ನೊಂದರ ಪೂಜೆಗೆ ಮುಟ್ಟಿಸಿ ನನ್ನನ್ನು, ಇಲ್ಲದಿದ್ರೆ ಕ್ಯಾರೊಲ್ ನಿಮಗೆ ಸಾರು ಹಾಕ್ಲಿಕ್ಕಿಲ್ಲ.”

ದಡದಲ್ಲಿ ಚನ್ನಕೇಶವ ಗಂಬೂಟು ಕೊಟ್ಟ. ಸೈಟಿಗೆ ಇಳಿಯುವವರು ಸೇಫ್ಟಿ ಬೂಟು ಹಾಕಲೇಬೇಕು. ಸಹಿ ಮಾಡಿಸಿಕೊಳ್ಳುವ ಪುಸ್ತಕವೂ ಅವನ ಹತ್ತಿರ ಇತ್ತು. ಹತ್ತು ನಂಬರಿನದ್ದು ಮಾತ್ರ ಸ್ಟಾಕಿನಲ್ಲಿತ್ತು. ಯೂಸ್ಟೇಸ್ ಬೇಡವೆಂದ. ಫೋಟೋ ಕಳಿಸಬೇಕು ಸಾರ್ ಎಂದ ಚನ್ನಕೇಶವ. ಹಾಕಿಕೊಂಡ.

ಹಳದಿ ಪೆಟ್ಟಿಗೆ ಎದೆಗೆ ಕೂರಲಿಲ್ಲ, ತೀರ ದೊಡ್ಡದು. ಅದರ ಪಟ್ಟಿಯ ಕ್ಲಿಪ್ಪು ಮುರಿದಿತ್ತು. ಯೂಸ್ಟೇಸ್ ಅದನ್ನು ಬೆನ್ನಿಗೆ ಏರಿಸಿ, ಹಗ್ಗ ಮುಂದಕ್ಕೆ ತಂದು ಎದೆಯ ಮೇಲೆ ಜಾರುಗಂಟು ಹಾಕಿದ. ಪೆಟ್ಟಿಗೆ ಅಲುಗಿತು. ಅಷ್ಟರಲ್ಲಿ ಚನ್ನಕೇಶವನಿಗೆ ಫೋನು ಬಂತು. ಮಾತಾಡಿ ಮುಗಿಸಿದ ಮೇಲೆ ಅವನ ಮುಖದಲ್ಲಿ ಬಣ್ಣವಿರಲಿಲ್ಲ.

“ಸಾರ್, ಪೆಟ್ಟಿಗೆ ನೀರಿಗೆ ಬಿದ್ರೆ ಇಬ್ರಿಗೂ ಖಲಾಸ್, ನಾಳೇನೇ ಊರಿಗೆ ಟಿಕೆಟ್ ಅಂತೆ. ತಿರುಗಿ ನಿಂತ್ಕೊಳ್ಳಿ, ಹಿಂದುಗಡೆಯಿಂದ ಇನ್ನೊಂದು ಕಟ್ತೀನಿ.”

“ಹಿಂದೆ ಬೇಡ ಮಾರಾಯ್ರೆ. ನನ್ನ ಕೈ ಹೋಗುದಿಲ್ಲ ಅಲ್ಲಿಗೆ.”

“ಅರ್ಧ ಗಂಟೆ ತಾನೇ ಸಾರ್.”

ಯೂಸ್ಟೇಸ್ ಅವನ ಮುಖ ನೋಡಿದ. ಅಲ್ಲಿನ ಹೆದರಿಕೆ ನೋಡಿದ. ಆಮೇಲೆ, ಮಕ್ಕಳ ಹಟಕ್ಕೆ ಸೋಲುವವನಂತೆ, ತಿರುಗಿ ನಿಂತ.

*

“ಹೇಳಿ,” ಎಂದಳು ಕ್ಯಾರೊಲ್. “ಇಲ್ಲೇ. ಎಲ್ಲರ ಎದುರು.”

ಗಿರಿಧರ್ ಅಷ್ಟರಲ್ಲಿ ಹತ್ತಿರ ಬಂದಿದ್ದ. ಹಗ್ಗವನ್ನೂ ನೋಡಿದ, ಚನ್ನಕೇಶವನನ್ನೂ ನೋಡಿದ. ದನಿ ಮಾತ್ರ ಏರಲಿಲ್ಲ. “ಚನ್ನಕೇಶವ, ನೀವು ಅಪ್‌ಸೆಟ್ ಆಗಿದೀರ. ಗಾಡೀಲಿ ಕೂತ್ಕೊಳ್ಳಿ. ಮೇಡಂ, ಹನ್ನೊಂದೂವರೆ ಆಯ್ತು. ಸಹಿ ಆಗದಿದ್ರೆ ನಾನು ಎನ್ಒಸಿ ಕೊಡೋ ಹಾಗಿಲ್ಲ. ಬಾಡಿ ಮತ್ತೆ ಒಳಗೆ ಹೋಗುತ್ತೆ. ಎಷ್ಟು ದಿನಾನೋ ಗೊತ್ತಿಲ್ಲ. ಊರಲ್ಲಿ ಅವರ ತಾಯಿ ಕಾಯ್ತಾ ಇದಾರಲ್ವಾ?”

ಜೇಕಬ್ ಕ್ಯಾರೊಲ್‌ಳ ಕಿವಿಯ ಬಳಿ ಬಾಗಿದ. ಕೊಂಕಣಿಯಲ್ಲಿ ಶುರು ಮಾಡಿ, ಯಾಕೋ ಕನ್ನಡಕ್ಕೆ ತಿರುಗಿದ. “ಬಾಯಿ, ಮೊದ್ಲು ಅವನನ್ನು ಊರಿಗೆ ಕಳಿಸುವ. ಸಹಿ ಹಾಕಿ ಬಿಡಿ. ಸತ್ಯ ದೇವರಿಗೆ ಗೊತ್ತುಂಟಲ್ಲ.”

“ದೇವರಿಗೆ ಗೊತ್ತಿರುದು ಸಾಕಾಗುದಿಲ್ಲ ಜೇಕಬ್. ನಾಳೆ ನನ್ನ ಅತ್ತೆ ಕೇಳ್ತಾರೆ. ಎಂಬತ್ತು ವರ್ಷದ ಹೆಂಗಸು, ಗಂಟು ಹಾಕ್ಲಿಕ್ಕೆ ಕಲಿಸಿದವರು. ಮಗ ನೀರಿನಲ್ಲಿ ಜಾಗ್ರತೆ ತಪ್ಪಿದ ಅಂತ ನಾನು ಅವರಿಗೆ ಹೇಳುದಾ?” ಅವಳು ಚನ್ನಕೇಶವನ ಕಡೆ ತಿರುಗಿದಳು. ಇಲ್ಲಿಯವರೆಗೆ ಬಹುವಚನದಲ್ಲಿ ಕರೆದ ನಾಲಿಗೆ ಈಗ ಏಕವಚನಕ್ಕೆ ಇಳಿಯಿತು. “ನಿನ್ನನ್ನು ಕ್ಷಮಿಸುದು ಇವತ್ತು ಆಗುದಿಲ್ಲ ಕೇಶವ. ಅದಕ್ಕೆ ನನ್ನ ಹತ್ತಿರ ಟೈಮಿಲ್ಲ. ಹೇಳು. ಹೇಳಿದ್ದಕ್ಕೆ ಸಹಿ ಹಾಕು.”

“ಯೋಚನೆ ಮಾಡಿ ಮಾತಾಡಿ,” ಎಂದ ಗಿರಿಧರ್. “ಕಟ್ಟಿದ್ದು ನೀವೇ ಅಂತಾದ್ರೆ ಕೇಸು ಯಾರ ಮೇಲೆ ಬೀಳುತ್ತೆ ಗೊತ್ತಲ್ಲ? ನನ್ನ ಮೇಲಲ್ಲ.”

ಚನ್ನಕೇಶವ ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡ. “ಗೊತ್ತು ಸಾರ್. ಕಟ್ಟಿದ್ದು ನಾನೇ. ಫೋನ್ ಮಾಡಿದ್ದು ನೀವು. ಅವರನ್ನ ನೀರಿಂದ ಎತ್ತಿದವ್ರು ಹಗ್ಗ ಕೊಯ್ದು ಯಂತ್ರದ ಪೆಟ್ಟಿಗೆ ಮರಳಲ್ಲಿ ಹಾಕಿದ್ರಲ್ಲ, ಪೊಲೀಸ್ ಬರೋಕೆ ಮುಂಚೆ ಅದನ್ನ ನಿಮ್ಮ ಗಾಡಿಗೆ ಹಾಕಿದ್ದೂ ನೀವು. ‘ಚನ್ನಕೇಶವ, ನೀವಿಲ್ಲಿ ಇರ್ಲೇ ಇಲ್ಲ’ ಅಂದ್ರಿ. ಒಂಬತ್ತು ದಿನದಿಂದ ಇಲ್ದೇ ಇದೀನಿ ಸಾರ್. ಆಗ್ತಿಲ್ಲ.”

ಅಂಗಳದ ಗೋಡೆಗೆ ಒರಗಿದ್ದ ಆಫೀಸಿನವರಲ್ಲಿ ಯಾರೋ ಕೆಮ್ಮಿದರು. ಗಿರಿಧರ್ ಫೋನು ತೆಗೆದು, ಯಾರಿಗೋ ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡುತ್ತ ನಾಲ್ಕು ಹೆಜ್ಜೆ ದೂರ ಹೋದ. ಫೈಲು ಪೆಟ್ಟಿಗೆಯ ಮೇಲೆಯೇ ಉಳಿಯಿತು.

ಚನ್ನಕೇಶವ ಪೆನ್ನು ಹಿಡಿದ. ಎರಡು ಅಕ್ಷರ ಬರೆದ. ಹೊಡೆದುಹಾಕಿದ, ಮತ್ತೆ ಬರೆದು ಮತ್ತೆ ಹೊಡೆದುಹಾಕಿದ.

“ಕೊಡಿ,” ಎಂದಳು ಮೈರಾ. ಬೆಳಗಿನಿಂದ ಅವಳು ಎಲ್ಲರ ಎದುರು ಆಡಿದ ಮೊದಲ ಮಾತು ಅದು. ಕಂಪನಿಯ ಕಾಗದವನ್ನು ಫೈಲಿನಿಂದ ಎಳೆದು, ಮಗುಚಿ, ಖಾಲಿ ಬೆನ್ನನ್ನು ಮೇಲೆ ಮಾಡಿ ಪ್ಲೈವುಡ್ಡಿನ ಮೇಲೆ ಹರಡಿದಳು. “ಅಂಕಲ್, ನೀವು ಹೇಳಿ, ನಾನು ಇಂಗ್ಲಿಷಲ್ಲಿ ಬರೀತೇನೆ. ಪೊಲೀಸಿಗೆ ಕೊಡುವ. ನನಗೆ ಕನ್ನಡ ಬೇಗ ಬೇಗ ಹೇಳಿದ್ರೆ ಗೊತ್ತಾಗುದಿಲ್ಲ. ಮೆಲ್ಲ ಹೇಳಿ.”

ಫಾಯಿಝ್ ಗಡಿಯಾರ ನೋಡಿದ. ಕ್ಯಾರೊಲ್‌ಳನ್ನು ನೋಡಿದ. ವ್ಯಾನಿನೊಳಗೆ ಕೈ ಹಾಕಿ ಎಂಜಿನ್ ಆರಿಸಿದ.

ಬಿಸಿಲು ಬಿಳಿ ಕಾಗದದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಮೈರಾ ಕಣ್ಣು ಕಿರಿದು ಮಾಡಿ ಬರೆಯುತ್ತಿದ್ದಳು. ಜೇಕಬ್ ಒಂದು ಕ್ಷಣ ನಿಂತು ನೋಡಿದ. ಆಮೇಲೆ ಹೋಗಿ ತನ್ನ ಅಗಲವಾದ ಬೆನ್ನನ್ನು ಸೂರ್ಯನಿಗೆ ಕೊಟ್ಟು ನಿಂತ. ನೆರಳು ಅರ್ಧ ಕಾಗದದವರೆಗೆ ಬಂತು. ಗೋಡೆ ಬಿಟ್ಟು ಆಫೀಸಿನವನೊಬ್ಬ ಬಂದು ಅವನ ಪಕ್ಕ ನಿಂತ. ಇನ್ನೊಬ್ಬ ಬಂದ. ಯಾರೂ ಗಿರಿಧರ್‌ನ ಕಡೆ ನೋಡಲಿಲ್ಲ. ಇಡೀ ಕಾಗದ ನೆರಳಿಗೆ ಬಂತು.

“ಆಮೇಲೆ?” ಎಂದಳು ಮೈರಾ.

“ಮೊದಲು ಮೊಣಕಾಲ್‌ಮಟ್ಟ ಇತ್ತು.”

“ಅಂದ್ರೆ?”

ಚನ್ನಕೇಶವ ಬಾಗಿ ಅಂಗೈಯನ್ನು ಮೊಣಕಾಲಿಗೆ ಹಿಡಿದ. ಅವಳು ಬರೆದಳು.

“ಕಾಲುವೆ ಹತ್ರ ಹೋದಾಗ ಇಷ್ಟು. ಭರತ ಶುರುವಾಗಿ ನೀರು ಏರ್ತಿತ್ತು. ಬೂಟಿಗೆ ನೀರು ತುಂಬ್ತು. ಕಾಲು ಎತ್ತೋಕೆ ಆಗ್ಲಿಲ್ಲ.” ಅಂಗೈ ಸೊಂಟಕ್ಕೆ ಬಂತು. “ಮುಂದಿನ ಗಂಟು ಎಳೆದ್ರು, ಅದು ಬಿಚ್ತು. ನಾನು ನೋಡ್ದೆ. ಹಿಂದಕ್ಕೆ ಕೈ ಹಾಕಿದ್ರು. ನನ್ನ ಕಡೆ ತಿರುಗಿ ಏನೋ ಕೂಗಿದ್ರು.”

“ವಾಟ್? ಏನು ಕೂಗಿದ್ದು?”

“ಬರ್ಬೇಡಿ ಅಂತ. ಈಜು ಬರಲ್ಲ ನಿಮಗೆ, ಬರ್ಬೇಡಿ ಅಂತ.”

ಮೈರಾ ಅದನ್ನೂ ಬರೆದಳು. ಪ್ಲೈವುಡ್ಡಿನ ಒರಟಿಗೆ ಕಾಗದ ಅಲ್ಲಲ್ಲಿ ತೂತಾಗುತ್ತಿತ್ತು. ಕ್ಯಾರೊಲ್ ಎರಡೂ ಕೈಯಿಂದ ಕಾಗದದ ಅಂಚುಗಳನ್ನು ಒತ್ತಿ ಹಿಡಿದಳು.

“ಆಮೇಲೆ?”

ಚನ್ನಕೇಶವನ ಅಂಗೈ ಎದೆಗೆ ಏರಿತು. ಅಲ್ಲಿ ನಿಲ್ಲಲಿಲ್ಲ. ನಿಧಾನವಾಗಿ, ತುಂಬಿದ ಬಟ್ಟಲನ್ನು ಎತ್ತುವವನಂತೆ, ಗಂಟಲಿಗೆ, ಗದ್ದಕ್ಕೆ ಬಂದು, ತುಟಿಯ ಕೆಳಗೆ ಅಡ್ಡವಾಗಿ ನಿಂತಿತು.